ಡ್ಯಾನ್ಸ್ ನೈಟ್‌ನ ಹಳೆಯ ಕ್ಯಾಸೆಟ್‌ಗಳಿಗೆ ತಾರೀಕು ಹುಡುಕಿದ್ದು ಹೀಗೆ

ಮಂಗಳೂರಿನಲ್ಲಿ ವರ್ಷಗಟ್ಟಲೆ ನಡೆದ ಒಂದು ಡ್ಯಾನ್ಸ್ ನೈಟ್‌ನ ಚರಿತ್ರೆ ಬರೆಯಲು ಹೊರಟರೆ ಮೊದಲು ಕೈ ಹಾಕಬೇಕಾದದ್ದು ಕ್ಯಾಸೆಟ್‌ಗಳಿಗೆ. ಪೋಸ್ಟರ್, ಪಾಸು, ಫೋಟೋ ಆಮೇಲೆ. ಯಾವ ಹಾಡಿನ ಮೇಲೆ ಯಾವ ಹಾಡು ಏರಿತು, ರಾತ್ರಿ ಎಷ್ಟು ಹೊತ್ತಿಗೆ ವೇಗ ಹೆಚ್ಚಿತು ಎಂಬುದು ಡಿಜೆಯ ಮಿಕ್ಸರ್‌ನಿಂದ (ಹಾಡುಗಳನ್ನು ಬೆರೆಸುವ ಯಂತ್ರದಿಂದ) ಇಳಿಸಿಕೊಂಡ ಟೇಪಿನಲ್ಲಿ ಮಾತ್ರ ಇರುತ್ತದೆ. ಕರಾವಳಿಯ ತೇವದಲ್ಲಿ ಒಂದೊಂದು ಮಳೆಗಾಲವೂ ಅದನ್ನು ಸ್ವಲ್ಪಸ್ವಲ್ಪ ತಿನ್ನುತ್ತದೆ.

ಈ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿಕೊಳ್ಳುತ್ತೇನೆ. ಸಿಕ್ಕಿದ ಕ್ಯಾಸೆಟ್‌ಗಳು ಬಿಗಿ ಮುಚ್ಚಳದ ಡಬ್ಬದಲ್ಲಿ, ಸಿಲಿಕಾ ಜೆಲ್ ಜತೆ ಎರಡು ವಾರ ಕೂರಬೇಕು. ಕಪಾಟಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಅಂದೇ ತೆಗೆಯಿರಿ, ಅದರ ಆವಿಗೆ ಕ್ಯಾಸೆಟ್ ಪೆಟ್ಟಿಗೆಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಹುಡಿ ಕಂಡರೆ ಅದು ಬೂಷ್ಟು. ಅಂಥದನ್ನು ಡೆಕ್‌ಗೆ, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರಕ್ಕೆ, ಹಾಕಲೇಬಾರದು. ಟೇಪು ಓದುವ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಹತ್ತು ಟೇಪಿಗೂ ಹೋಗುತ್ತದೆ. ಮಾಸ್ಕ್ ಹಾಕಿಕೊಂಡು, ಸ್ಕ್ರೂ ಬಿಚ್ಚಿ, ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ತಾಗಿಸಿ ಒರೆಸಿ, ಹೊಸ ಕವಚಕ್ಕೆ ಸುರುಳಿ ಬದಲಾಯಿಸಬೇಕು. ಹಳೆಯ ಕವಚದ ಒತ್ತುಪಟ್ಟಿಯ ಸ್ಪಂಜು ಹೇಗೂ ಹುಡಿಯಾಗಿರುತ್ತದೆ. ಆ ಒತ್ತು ಇಲ್ಲದಿದ್ದರೆ ಟೇಪು ಹೆಡ್ಡಿಗೆ ತಾಗದೆ ಹೈಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಸದ್ದು ಬಂದುಹೋಗಿ ಮಾಡುತ್ತದೆ.

ಇನ್ನು ಹೆಡ್ಡಿನ ಓರೆ. ರೆಕಾರ್ಡ್ ಮಾಡಿದ ಡೆಕ್ ಬೇರೆ, ನಮ್ಮ ಡೆಕ್ ಬೇರೆ, ಓರೆಯೂ ಒಂದೇ ಇರದು. ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಕೇಳುತ್ತ, ಹೆಡ್ಡಿನ ಬದಿಯ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸಿಂಬಲ್ ಅತ್ಯಂತ ಸ್ಪಷ್ಟವಾದಲ್ಲಿ ನಿಲ್ಲಿಸಬೇಕು. ಪ್ರತಿ ಟೇಪಿಗೂ ಇದನ್ನು ಹೊಸದಾಗಿ ಮಾಡುತ್ತೇನೆ. ಬೇಸರದ ಕೆಲಸ ಹೌದು, ಆದರೆ ಇಲ್ಲಿ ತಪ್ಪಿದರೆ ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಸರಿಹೋಗದು. ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಒಂದು ಗಂಟೆಗೆ ಸುಮಾರು 2 ಜಿಬಿ ಬೇಕಾಗುತ್ತದೆ.

ಹಾಡು ಗುರುತಿಸುವಾಗ ಎಲ್ಲರೂ ಎಡವುವುದು ವೇಗದಲ್ಲಿ. ಟೆಕ್ನಿಕ್ಸ್ ಎಸ್‌ಎಲ್‌-1200 ಎಂಕೆ2 ಟರ್ನ್‌ಟೇಬಲ್‌ನ (ಡಿಜೆ ರೆಕಾರ್ಡ್ ತಿರುಗಿಸುವ ಯಂತ್ರದ) ಪಿಚ್, ಅಂದರೆ ವೇಗ, ಶೇಕಡ 8ರಷ್ಟು ಮೇಲೆ ಕೆಳಗೆ ಹೋಗುತ್ತದೆ, ನಿಮಿಷಕ್ಕೆ 120 ಬೀಟ್‌ನ ಹಾಡು 129ಕ್ಕೂ ಮೇಲೇರಬಹುದು. ಅದರ ಮೇಲೆ ಡೆಕ್‌ನ ವ್ಯತ್ಯಾಸ ಬೇರೆ. ಹಾಡು ಗುರುತಿಸುವ ಆ್ಯಪ್ ಸೋತರೆ ಶೇಕಡ 2ರಂತೆ ನಿಧಾನ ಮಾಡಿ ಮತ್ತೆ ಕೇಳಿಸಬೇಕು. ಟೇಪಿನಲ್ಲಿ ಸೇರಿಕೊಂಡ ಕರೆಂಟಿನ ಗುಂಯ್‌ಗುಡುವಿಕೆಯನ್ನು 50 ಹರ್ಟ್ಸ್‌ಗೆ ಹೊಂದಿಸಿ ವೇಗ ಸರಿಪಡಿಸುವ ಉಪಾಯವೂ ಇದೆ. ಆದರೆ 2003ಕ್ಕಿಂತ ಹಿಂದಿನ ನಮ್ಮ ಟೇಪುಗಳಿಗೆ ಅದನ್ನು ನಂಬಬೇಡಿ. ಆಗ ದಕ್ಷಿಣ ಭಾರತದ ವಿದ್ಯುತ್ ಗ್ರಿಡ್ 49 ಹರ್ಟ್ಸ್‌ಗಿಂತ ಕೆಳಗಿಳಿಯುವುದು ಮಾಮೂಲಾಗಿತ್ತು. 48.5 ಇದ್ದದ್ದನ್ನು 50 ಎಂದುಕೊಂಡರೆ ಇಡೀ ರಾತ್ರಿಯ ಹಾಡು ಶೇಕಡ 3ರಷ್ಟು ಹೆಚ್ಚು ವೇಗವಾಗಿ ಓಡುತ್ತದೆ. ವೇಗ ಅಳೆಯಲೆಂದೇ ಮಾಡಿದ ಟೆಸ್ಟ್ ಟೇಪ್ ಹಾಕಿ ಡೆಕ್‌ನ ವೇಗವನ್ನೇ ಸರಿಪಡಿಸಿಕೊಳ್ಳುವುದು ಮೇಲು.

ಹಾಡುಗಳ ಪಟ್ಟಿ ಸಿಕ್ಕ ಮೇಲೆ ತಾರೀಕಿನ ಕೆಲಸ. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೊಸ ಹಾಡು ಯಾವುದೋ, ಅದಕ್ಕಿಂತ ಮೊದಲು ಆ ರಾತ್ರಿ ನಡೆದಿರಲು ಸಾಧ್ಯವಿಲ್ಲ. ಹಳೆಯ ಹಾಡಿನಿಂದ ಏನೂ ತಿಳಿಯದು. ಆಮೇಲೆ ಕಾಗದ ನೋಡಬೇಕು. ಪೋಸ್ಟರ್‌ಗಳಲ್ಲಿ ಇಸವಿ ಇರುವುದೇ ಅಪರೂಪ. ‘ಶನಿವಾರ, ಡಿಸೆಂಬರ್ 14’ ಎಂದಷ್ಟೇ ಇದ್ದರೆ 1991, 1996, 2002 ಮೂರೂ ಹೊಂದುತ್ತವೆ. ಟೇಪಿನಲ್ಲಿ 1995ರ ಹಾಡಿದ್ದರೆ 1991 ಹೋಯಿತು. ವಿಳಾಸದಲ್ಲಿ ‘ಉಡುಪಿ, ದ.ಕ.’ ಎಂದಿದ್ದರೆ 2002 ಅನುಮಾನ, ಏಕೆಂದರೆ ಉಡುಪಿ ದಕ್ಷಿಣ ಕನ್ನಡದಿಂದ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಪೂರ್ತಿ ತಳ್ಳಿಹಾಕುವಂತಿಲ್ಲ, ಹಳೆಯ ಬ್ಲಾಕನ್ನೇ ಮತ್ತೆ ಮತ್ತೆ ಅಚ್ಚು ಹಾಕಿಸುವವರು ಇದ್ದರು.

ಜನರನ್ನು ಕೇಳುವಾಗ ಇಸವಿ ಕೇಳಬೇಡಿ, ಯಾರೂ ಸರಿ ಹೇಳುವುದಿಲ್ಲ. ‘ಅದು ಮೊಂತಿ ಫೆಸ್ತ್ ಕಳೆದ ಮೇಲೋ, ಮಾರ್ನೆಮಿಯ ಹುಲಿವೇಷದ ಹೊತ್ತಿಗೋ?’ ಎಂದು ಕೇಳಿದರೆ ತಿಂಗಳು ಸಿಗುತ್ತದೆ (ಮೊದಲನೆಯದು ಸೆಪ್ಟೆಂಬರ್‌ನ ಕ್ರೈಸ್ತರ ತೆನೆಹಬ್ಬ, ಎರಡನೆಯದು ನವರಾತ್ರಿ). ಉಡುಪಿಯವರಾದರೆ ‘ಆಗ ಪರ್ಯಾಯ ಯಾವ ಮಠದ್ದು?’ ಎಂದು ಕೇಳಿ. ಪೇಜಾವರ ಎಂದರೆ 2000ದ ಜನವರಿಯಿಂದ ಎರಡು ವರ್ಷ, ಪಲಿಮಾರು ಎಂದರೆ 2002ರಿಂದ. ಒಂದು ಮಠದ ಸರದಿ ಮತ್ತೆ ಬರುವುದು 16 ವರ್ಷಕ್ಕಾದ್ದರಿಂದ ಗೊಂದಲವಾಗುವುದು ಕಡಿಮೆ.

ಹೊರದೇಶದ ಡ್ಯಾನ್ಸ್ ನೈಟ್‌ಗಳಿಗಾದರೆ ತಾರೀಕು ಉಳಿದಿವೆ. ಚಿಕಾಗೋದ ವೇರ್‌ಹೌಸ್ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್ 1977ರಲ್ಲಿ ಹಾಡು ಹಾಕತೊಡಗಿದ್ದು, ನ್ಯೂಯಾರ್ಕ್‌ನಲ್ಲಿ ಡಿಜೆ ಡೇವಿಡ್ ಮಂಕೂಸೊ 1970ರ ಫೆಬ್ರವರಿ 14ರಂದು ಮನೆಯಲ್ಲೇ ಪಾರ್ಟಿ ಕರೆದದ್ದು ಇಂದಿಗೂ ಲೆಕ್ಕದಲ್ಲಿವೆ. ಮ್ಯಾಂಚೆಸ್ಟರ್‌ನ ಹಸಿಯೆಂಡಾ ಕ್ಲಬ್ಬಿಗೆ ಅದನ್ನು ನಡೆಸಿದ ಫ್ಯಾಕ್ಟರಿ ರೆಕಾರ್ಡ್ಸ್ ತನ್ನ ರೆಕಾರ್ಡುಗಳ ಸಾಲಿನಲ್ಲೇ ‘ಫ್ಯಾಕ್ 51’ ಎಂದು ನಂಬರು ಕೊಟ್ಟಿತ್ತು. ಆ ಪದ್ಧತಿಯನ್ನೇ ಹಿಡಿದು ಟೇಪು, ಪಾಸು, ಪೋಸ್ಟರ್ ಎಲ್ಲಕ್ಕೂ ಒಂದೇ ಸಾಲಿನ ನಂಬರು ಹಾಕಿದ್ದೇನೆ. ತಾರೀಕು ಗೊತ್ತಾಗದ ಟೇಪಿಗೆ ಊಹೆಯ ಇಸವಿ ಬರೆಯುವುದಿಲ್ಲ. ‘1995ಕ್ಕಿಂತ ಹಿಂದಿನದಲ್ಲ’ ಎಂದು ಬರೆದು, ಯಾವ ಹಾಡಿನ ಆಧಾರದಿಂದ ಎಂಬುದನ್ನೂ ಪಕ್ಕದಲ್ಲೇ ಸೇರಿಸುತ್ತೇನೆ.