ಶಿರಾಜ್‌ನ ಕನ್ನಡಿ ದರ್ಗಾ: ಒಳಗೆ ಹೋಗುವುದು ಹೇಗೆ, ನೋಡುವುದು ಹೇಗೆ

ಇರಾನ್‌ನ ಶಿರಾಜ್ ನಗರದಲ್ಲಿ ಶಾಹ್ ಚೆರಾಗ್ ಅಂತ ಒಂದು ದರ್ಗಾ ಇದೆ. ಹೊರಗಿನಿಂದ ನೀಲಿ ಟೈಲ್ಸ್ ಹೊದ್ದ, ಮೊಗ್ಗಿನ ಆಕಾರದ ದೊಡ್ಡ ಗುಮ್ಮಟ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲ ಕಡೆ ಕನ್ನಡಿ ಚೂರುಗಳು. ಇದರ ಫೋಟೊ ನೋಡಿ ಒಮ್ಮೆ ಹೋಗಲೇಬೇಕು ಅಂದುಕೊಂಡವರು ಬಹಳ ಜನ. ಆಮೇಲೆ ಅವರು ಕೇಳುವುದೂ ಹೆಚ್ಚುಕಡಿಮೆ ಒಂದೇ. ಮುಸ್ಲಿಮರಲ್ಲದವರನ್ನು ಬಿಡ್ತಾರಾ? ಹೆಂಗಸರು ಏನು ಹಾಕಿಕೊಳ್ಳಬೇಕು? ಫೋಟೊ ತೆಗೆಯಬಹುದಾ?

ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಅವರು ಹೇಳಿದ ದಾರಿಯಲ್ಲಿ, ಅವರ ಜೊತೆಯಲ್ಲಿ ಹೋಗಬೇಕು. ಇಲ್ಲಿ ಟಿಕೆಟ್ ಇಲ್ಲ. ಅಂದರೆ 'ದುಡ್ಡು ಕೊಟ್ಟಿದ್ದೀನಿ, ಯಾಕೆ ಬಿಡಲ್ಲ' ಅಂತ ಕೇಳುವ ಹಕ್ಕೂ ನಮಗಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಹೋದವರಿಗೆ ಅರ್ಧ ತಲೆನೋವು ಕಡಿಮೆ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಮೊದಲು ನಮ್ಮ ವಿದೇಶಾಂಗ ಸಚಿವಾಲಯ ಇರಾನ್ ಪ್ರಯಾಣದ ಬಗ್ಗೆ ಏನು ಹೇಳಿದೆ ನೋಡಿ. 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಯುದ್ಧ ನಡೆದಾಗ ಅಲ್ಲಿದ್ದ ಭಾರತೀಯರನ್ನು ವಿಮಾನ ಕಳಿಸಿ ಕರೆತರಬೇಕಾಯಿತು. 'ಹೋಗಬೇಡಿ' ಅನ್ನುವ ಸೂಚನೆ ಇದ್ದರೆ ಹೋಗಬೇಡಿ, ಅಷ್ಟೇ. ಈ ಪುಟ ಕತ್ತರಿಸಿ ಇಟ್ಟುಕೊಳ್ಳಿ. ದರ್ಗಾ ಎಲ್ಲಿಗೂ ಹೋಗುವುದಿಲ್ಲ.

ವೀಸಾ ವಿಷಯದಲ್ಲಿ ಹಳೆಯ ಮಾಹಿತಿ ನಂಬಿ ಮೋಸ ಹೋಗುವುದು ಸುಲಭ. 2024ರ ಫೆಬ್ರವರಿಯಿಂದ ಭಾರತೀಯ ಪ್ರವಾಸಿಗರು ವಿಮಾನದಲ್ಲಿ ಹೋದರೆ 15 ದಿನದ ಮಟ್ಟಿಗೆ ವೀಸಾ ಬೇಕಿರಲಿಲ್ಲ. ಆ ಸೌಲಭ್ಯವನ್ನು ಬಳಸಿಕೊಂಡು ಕೆಲಸ ಕೊಡಿಸುತ್ತೇವೆ ಅಂತ ಜನರನ್ನು ಕರೆದೊಯ್ದು ಅಪಹರಿಸುವ ದಂಧೆ ಶುರುವಾಯಿತು. ಹಾಗಾಗಿ 2025ರ ನವೆಂಬರ್ 22ರಿಂದ ಅದನ್ನು ನಿಲ್ಲಿಸಿದರು. 'ವೀಸಾ ಬೇಡ, ಹೊರಡಿ' ಅನ್ನುವ ಏಜೆಂಟ್ ಸಿಕ್ಕರೆ ಬೇರೆ ಏಜೆಂಟ್ ಹುಡುಕಿ.

ಇನ್ನೊಂದು, ದುಡ್ಡು. ನಮ್ಮ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ ಯಾವುದೂ ಅಲ್ಲಿ ನಡೆಯಲ್ಲ. ಎಟಿಎಂ ಕೂಡ ಉಪಯೋಗಕ್ಕೆ ಬರಲ್ಲ. ಇಡೀ ಪ್ರವಾಸದ ಖರ್ಚನ್ನು ಡಾಲರ್ ಇಲ್ಲವೇ ಯೂರೊ ನೋಟಿನಲ್ಲಿ ಒಯ್ಯಬೇಕು. ಅಂಗಡಿಯವರು ಬೆಲೆ ಹೇಳುವುದು ತೊಮಾನ್‌ನಲ್ಲಿ, ಕೊಡುವುದು ರಿಯಾಲ್‌ನಲ್ಲಿ. ಒಂದು ತೊಮಾನ್ ಅಂದರೆ ಹತ್ತು ರಿಯಾಲ್. ಹೇಳಿದ ಬೆಲೆಗೆ ಒಂದು ಸೊನ್ನೆ ಸೇರಿಸಿಕೊಳ್ಳಿ.

ಯಾರ ದರ್ಗಾ ಅಂತ ತಿಳಿದುಕೊಂಡು ಹೋಗಿ

ಇದು ಸುಮ್ನೆ ಇತಿಹಾಸದ ಪಾಠ ಅಂತ ದಾಟಿಸಬೇಡಿ. ಒಳಗೆ ಅಳುತ್ತಿರುವವರು ಯಾಕೆ ಅಳುತ್ತಿದ್ದಾರೆ ಅನ್ನುವುದು ಗೊತ್ತಿಲ್ಲದಿದ್ದರೆ ಕಾಣುವುದು ಬರೀ ಗಾಜು.

ನಮಗೆ ಈ ಕಥೆ ಪೂರ್ತಿ ಹೊಸದೂ ಅಲ್ಲ. ಮುದಗಲ್ಲಿನ ಮೊಹರಂ ನೋಡಿದವರಿಗೆ, ಊರ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿದವರಿಗೆ ಹಸನ್–ಹುಸೇನರ ಹೆಸರು ಗೊತ್ತೇ ಇದೆ. ಪ್ರವಾದಿಯವರ ಮೊಮ್ಮಗ ಹುಸೇನ್ ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹತರಾದರು. ಇಸ್ಲಾಮಿನ ಶಿಯಾ ಪಂಗಡದವರು ನಂಬುವ ಹನ್ನೆರಡು ಇಮಾಮರಲ್ಲಿ, ಅಂದರೆ ಪ್ರವಾದಿಯವರ ಮನೆತನದ ಧರ್ಮಗುರುಗಳಲ್ಲಿ, ಅವರು ಮೂರನೆಯವರು. ಅದೇ ವಂಶದಲ್ಲಿ ಏಳನೆಯವರು ಮೂಸಾ ಅಲ್ ಕಾಜಿಂ. ಅವರ ಮಕ್ಕಳಲ್ಲಿ ರಜಾ ಎಂಟನೆಯ ಇಮಾಮರಾದರು. ಅವರ ಸಮಾಧಿ ಇರುವುದು ಮಶ್ಹದ್‌ನಲ್ಲಿ. ತಂಗಿ ಫಾತಿಮಾ ಮಾಸೂಮೆಯ ಸಮಾಧಿ ಕೋಮ್‌ನಲ್ಲಿ. ಸಹೋದರರಾದ ಅಹ್ಮದ್ ಮತ್ತು ಮುಹಮ್ಮದ್ ಇರುವುದು ಇಲ್ಲಿ, ಶಿರಾಜ್‌ನಲ್ಲಿ. ಅಬ್ಬಾಸಿ ಖಲೀಫರ ಆಳ್ವಿಕೆಯ ಕಾಲದಲ್ಲಿ, ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಅವರು ಇಲ್ಲಿ ಜೀವ ಬಿಟ್ಟರು ಅಂತ ನಂಬಿಕೆ. ಶಾಹ್ ಚೆರಾಗ್ ಅಂದರೆ ಈ ಅಹ್ಮದ್. ಇರಾನ್‌ನಲ್ಲಿರುವ ಇಮಾಮರ ಸಮಾಧಿ ಮಶ್ಹದ್‌ನದು ಒಂದೇ. ಉಳಿದವರ ಸಮಾಧಿಗಳು ಇರಾಕ್‌ನಲ್ಲಿ, ಮದೀನಾದಲ್ಲಿ ಇವೆ. ಹನ್ನೆರಡನೆಯವರು ಮರೆಯಾಗಿದ್ದಾರೆ, ಮರಳಿ ಬರುತ್ತಾರೆ ಅನ್ನುವುದು ಶಿಯಾಗಳ ನಂಬಿಕೆ. ಹಾಗಾಗಿ ಇಮಾಮರ ಮಕ್ಕಳು, ಮೊಮ್ಮಕ್ಕಳ ಸಮಾಧಿಗಳಿಗೆ ಇರಾನ್‌ನಲ್ಲಿ ಬಹಳ ಮರ್ಯಾದೆ. ಇಂಥ ದರ್ಗಾಗಳನ್ನು ಅವರು ಇಮಾಮ್‌ಜಾದೆ ಅನ್ನುತ್ತಾರೆ.

ಇಲ್ಲಿ ದೊಡ್ಡ ಕಟ್ಟಡ ಎದ್ದದ್ದು 14ನೇ ಶತಮಾನದಲ್ಲಿ, ಆಗಿನ ದೊರೆ ಅಬೂ ಇಸ್‌ಹಾಕ್‌ನ ತಾಯಿ ತಾಶಿ ಖಾತೂನ್ ಕಟ್ಟಿಸಿದ್ದರಿಂದ. ಊರೂರು ಸುತ್ತಿದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಈ ದರ್ಗಾದ ಬಗ್ಗೆಯೂ ಆಕೆಯ ಬಗ್ಗೆಯೂ ಬರೆದಿದ್ದಾನೆ. ಶಿರಾಜ್‌ಗೆ ಭೂಕಂಪಗಳ ಕಾಟ ಜಾಸ್ತಿ, ಕಟ್ಟಡ ಮತ್ತೆ ಮತ್ತೆ ರಿಪೇರಿಯಾಗಿದೆ. ಈಗ ಕಾಣುವ ಗುಮ್ಮಟವಂತೂ 1958ರಲ್ಲಿ ಹಳೆಯದನ್ನು ತೆಗೆದು, ಅದೇ ಆಕಾರದಲ್ಲಿ ಹಗುರವಾದ ಕಬ್ಬಿಣದ ಚೌಕಟ್ಟಿನ ಮೇಲೆ ಕಟ್ಟಿದ್ದು. ಗೈಡ್ 'ಇದು ಏಳುನೂರು ವರ್ಷದ್ದು' ಅಂದರೆ ಜಗಳವಾಡಬೇಡಿ. ಜಾಗ ಹಳೆಯದು, ನಿಜ.

ಯಾವ ಹೊತ್ತು, ಯಾವ ದಿನ

ಸಂಜೆ ಕತ್ತಲಾಗುವ ಹೊತ್ತಿಗೆ ಹೋಗಿ. ಅಂಗಳದ ದೀಪ ಹತ್ತಿರುತ್ತದೆ, ಮನೆಮಂದಿಯೆಲ್ಲ ಬಂದು ಕಂಬಳಿ ಮೇಲೆ ಕೂತಿರುತ್ತಾರೆ, ಮಕ್ಕಳು ನೀರಿನ ಕೊಳದ ಸುತ್ತ ಓಡುತ್ತಿರುತ್ತವೆ. ಬೆಳಿಗ್ಗೆ ಹೋದರೆ ಜನ ಕಡಿಮೆ, ಕೆತ್ತನೆ, ಟೈಲ್ಸ್ ನೋಡಲು ಅನುಕೂಲ. ಆದರೆ ದರ್ಗಾ ಬದುಕಿರುವುದು ರಾತ್ರಿ.

ಶುಕ್ರವಾರ ಮಧ್ಯಾಹ್ನ ಮತ್ತು ನಮಾಜಿನ ಹೊತ್ತು ಬಿಟ್ಟುಬಿಡಿ. ಮೊಹರಂನ ಮೊದಲ ಹತ್ತು ದಿನ, ಮುಖ್ಯವಾಗಿ ಹತ್ತನೆಯ ದಿನವಾದ ಅಶೂರಾದಂದು, ವಿದೇಶಿ ಪ್ರವಾಸಿಗರಿಗೆ ಒಳಗೆ ಜಾಗ ಸಿಗುವುದು ಕಷ್ಟ. ಎಲ್ಲೆಲ್ಲೂ ಕಪ್ಪು ಬಟ್ಟೆ, ಎದೆ ಬಡಿದುಕೊಳ್ಳುವ ಸದ್ದು. ನೋಡಬೇಕಾದ್ದೇ, ಆದರೆ ರಸ್ತೆ ಬದಿಯಲ್ಲಿ ನಿಂತು. ಚಂದ್ರನ ಲೆಕ್ಕದ ತಿಂಗಳು ಆದ್ದರಿಂದ ಮೊಹರಂ ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಕ್ಯಾಲೆಂಡರ್ ನೋಡಿಯೇ ಟಿಕೆಟ್ ಮಾಡಿ.

ಬಟ್ಟೆ

ಗಂಡಸರಿಗೆ ಸುಲಭ. ಉದ್ದ ಪ್ಯಾಂಟ್, ಅಂಗಿ. ಚಡ್ಡಿ, ಬನಿಯನ್ ಥರದ ಟೀ ಶರ್ಟ್ ಬೇಡ.

ಹೆಂಗಸರಿಗೆ ತಲೆಗೆ ಸ್ಕಾರ್ಫ್ ಇದ್ದರೆ ಸಾಲದು, ದರ್ಗಾದೊಳಗೆ ತಲೆಯಿಂದ ಕಾಲವರೆಗೆ ಮುಚ್ಚುವ ಚಾದರ್ ಬೇಕೇ ಬೇಕು. ಕೊಂಡುಕೊಳ್ಳುವ ಅಗತ್ಯವಿಲ್ಲ. ಹೆಂಗಸರ ಬಾಗಿಲಲ್ಲೇ ಕೊಡುತ್ತಾರೆ, ಹೊರಗೆ ಬರುವಾಗ ವಾಪಸ್ ಕೊಡಬೇಕು. ಸಾಮಾನ್ಯವಾಗಿ ತಿಳಿ ಬಣ್ಣದ, ಸಣ್ಣ ಹೂವಿನ ಬಟ್ಟೆ. ಇದಕ್ಕೆ ಗುಂಡಿ ಇಲ್ಲ, ತೋಳಿಲ್ಲ, ಕಟ್ಟಿಕೊಳ್ಳಲು ದಾರವೂ ಇರುವುದಿಲ್ಲ. ಅರ್ಧ ಚಂದ್ರದ ಆಕಾರದ ಒಂದು ದೊಡ್ಡ ಬಟ್ಟೆ, ಅಷ್ಟೇ. ನೇರ ಅಂಚಿನ ಮಧ್ಯಭಾಗವನ್ನು ಹಣೆಯ ಮೇಲಿಟ್ಟು, ಎರಡೂ ಬದಿಯನ್ನು ಮುಂದಕ್ಕೆ ತಂದು, ಗಲ್ಲದ ಕೆಳಗೆ ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕು. ತಲೆ ಮೇಲೆ ಸೆರಗು ಹೊದ್ದು ರೂಢಿ ಇದ್ದವರಿಗೆ ಎರಡು ನಿಮಿಷದ ಕೆಲಸ. ಇಲ್ಲದವರಿಗೆ ಮೊದಲ ಹತ್ತು ಹೆಜ್ಜೆಯಲ್ಲೇ ಜಾರಿ ಭುಜಕ್ಕೆ ಬರುತ್ತದೆ. ಪರ್ಸಿನಲ್ಲಿ ಎರಡು ಸೇಫ್ಟಿ ಪಿನ್ ಇಟ್ಟುಕೊಳ್ಳಿ. ಒಳಗೆ ಹತ್ತಿಯ ಸ್ಕಾರ್ಫ್ ಇರಲಿ, ರೇಷ್ಮೆಯದಾದರೆ ಅದರ ಮೇಲೆ ಚಾದರ್ ನಿಲ್ಲಲ್ಲ. ಮೆಟ್ಟಿಲು ಹತ್ತುವಾಗ ತುದಿ ಕಾಲಿಗೆ ಸಿಕ್ಕೀತು, ನೋಡಿಕೊಳ್ಳಿ. ಯಾರೋ ಅಜ್ಜಿ ಬಂದು ಒಂದು ಮಾತೂ ಆಡದೆ ನಿಮ್ಮ ಚಾದರ್ ಸರಿಮಾಡಿ ಹೋದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಬೈಗುಳ ಅಲ್ಲ.

ಬಾಗಿಲಲ್ಲಿ

ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು ಬಾಗಿಲು. ಗಂಡ ಹೆಂಡತಿ ಜೊತೆಗೆ ಹೋಗಿದ್ದರೆ ಒಳಗೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಅಂಗಳದ ಕೊಳ ಒಳ್ಳೆಯ ಗುರುತು.

ತಪಾಸಣೆ ಜೋರಾಗಿಯೇ ಇರುತ್ತದೆ. 2022ರ ಅಕ್ಟೋಬರ್ 26ರಂದು ಮತ್ತೆ 2023ರ ಆಗಸ್ಟ್ 13ರಂದು ಇದೇ ದರ್ಗಾದಲ್ಲಿ ಬಂದೂಕುಧಾರಿಗಳು ಗುಂಡು ಹಾರಿಸಿ ಭಕ್ತರನ್ನು ಕೊಂದರು. ಮೈ ತಡವುವ ಸಿಬ್ಬಂದಿ ಮುಖ ಗಂಟಿಕ್ಕಿಕೊಂಡಿದ್ದರೆ ಕಾರಣ ಇದೆ. ದೊಡ್ಡ ಬ್ಯಾಗು, ಕ್ಯಾಮೆರಾ ಒಳಗೆ ಬಿಡುವುದಿಲ್ಲ. ಅಲ್ಲೇ ಇಟ್ಟು ಚೀಟಿ ತೆಗೆದುಕೊಳ್ಳಬೇಕು. ಅದಕ್ಕಿಂತ ಹೋಟೆಲಿನಲ್ಲೇ ಬಿಟ್ಟು ಬರುವುದು ಮೇಲು. ಮೊಬೈಲ್, ಪಾಸ್‌ಪೋರ್ಟ್ ಸಾಕು.

ವಿದೇಶಿ ಅಂತ ಗೊತ್ತಾದ ಕೂಡಲೇ ಸ್ವಲ್ಪ ನಿಲ್ಲಿಸುತ್ತಾರೆ. ದರ್ಗಾದ ಕಡೆಯಿಂದಲೇ ಇಂಗ್ಲಿಷ್ ಬಲ್ಲ ಗೈಡ್ ಬರುತ್ತಾರೆ. ಹೆಚ್ಚಿನವರು ಸೇವೆ ಅಂತ ಬರುವವರು. ಇದಕ್ಕೆ ದುಡ್ಡಿಲ್ಲ, ಕೊಡಲೂ ಹೋಗಬೇಡಿ. ಇವರನ್ನು ಕಾವಲುಗಾರ ಅಂದುಕೊಂಡು ತಪ್ಪಿಸಿಕೊಳ್ಳಲು ನೋಡುವವರಿದ್ದಾರೆ. ನನ್ನ ಪ್ರಕಾರ ಅದು ದಡ್ಡತನ. ಗೈಡ್ ಜೊತೆಗಿದ್ದರೆ ಯಾರೂ ತಡೆಯುವುದಿಲ್ಲ, ಒಬ್ಬರೇ ಇದ್ದರೆ ಪ್ರತಿ ಬಾಗಿಲಲ್ಲೂ ಪ್ರಶ್ನೆ. ಅವರೂ ನಿಮ್ಮನ್ನು ಕೇಳುತ್ತಾರೆ: ಯಾವ ದೇಶ, ಯಾವ ಧರ್ಮ, ಇರಾನ್ ಹೇಗನ್ನಿಸಿತು. ಧರ್ಮದ ಪ್ರಶ್ನೆಗೆ ನಿಜ ಹೇಳಿ. ಮುಸ್ಲಿಂ ಅಂತ ಸುಳ್ಳು ಹೇಳಿ ಒಳಗೆ ಹೋಗುವ ಸಲಹೆ ಕೆಲವರು ಕೊಡುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಸರ್ಕಾರ, ರಾಜಕೀಯದ ಮಾತು ಬಂದರೆ ನಕ್ಕು ಬಿಡಿ.

ಎಷ್ಟು ಒಳಗೆ ಬಿಡುತ್ತಾರೆ ಅನ್ನುವುದು ಆ ದಿನದ ಜನ, ಹಬ್ಬ, ಭದ್ರತೆ ನೋಡಿಕೊಂಡು ಬದಲಾಗುತ್ತದೆ. ಅಂಗಳದಲ್ಲೇ ಮುಗಿದರೂ ಮುಗಿಯಬಹುದು. ಮಶ್ಹದ್‌ನಲ್ಲಂತೂ ಮುಸ್ಲಿಮರಲ್ಲದವರಿಗೆ ಅಂಗಳಗಳು ಮಾತ್ರ, ಸಮಾಧಿಯ ಕೋಣೆಗೆ ಪ್ರವೇಶ ಇಲ್ಲ.

ಒಳಗೆ

ಚಪ್ಪಲಿ ಬಿಡುವಲ್ಲಿ ಒಂದು ಟೋಕನ್ ಕೊಡುತ್ತಾರೆ, ಜೋಪಾನ. ಬಾಗಿಲ ಚೌಕಟ್ಟನ್ನು ಮುಟ್ಟಿ, ಮುತ್ತಿಟ್ಟು ಒಳಗೆ ಹೋಗುವುದು ಭಕ್ತರ ಪದ್ಧತಿ. ನೀವು ಹಾಗೆ ಮಾಡಬೇಕಿಲ್ಲ. ಅವರಿಗೆ ದಾರಿ ಬಿಟ್ಟರೆ ಸಾಕು. ಹೊಸಿಲು ತುಳಿಯಬೇಡಿ ಅಂತ ಕನ್ನಡದವರಿಗೆ ಹೇಳಬೇಕಾಗಿಲ್ಲ ಅಲ್ವಾ?

ಒಳಗೆ ಹೋದ ಕೂಡಲೇ ಎಲ್ಲರೂ ಮಾಡುವ ಕೆಲಸ, ಕತ್ತು ಮೇಲೆತ್ತಿ ನಡುದಾರಿಯಲ್ಲಿ ನಿಂತುಬಿಡುವುದು. ಹಿಂದಿನಿಂದ ಜನ ಬರುತ್ತಿರುತ್ತಾರೆ. ಆಗ ಭುಜದ ಮೇಲೆ ಏನೋ ಮೆತ್ತಗೆ ತಾಗುತ್ತದೆ. ತಿರುಗಿದರೆ ದರ್ಗಾದ ಸೇವಕರು, ಕೈಯಲ್ಲಿ ಬಣ್ಣದ ಗರಿಗಳ ಕುಚ್ಚು. ಕೈಯಿಂದ ಯಾರನ್ನೂ ಮುಟ್ಟದೆ ಸಾಲು ಸರಿಸುವ ಉಪಾಯ ಅದು. ಪಕ್ಕಕ್ಕೆ ಬನ್ನಿ. ಗೋಡೆಗೆ ಒರಗಿ ಕಂಬಳಿ ಮೇಲೆ ಕೂತುಬಿಡಿ. ಇಲ್ಲಿ ನೋಡುವ ಸರಿಯಾದ ರೀತಿ ಕೂತು ನೋಡುವುದು.

ಮೊದಲು ಹತ್ತಿರದ ಗೋಡೆ ನೋಡಿ, ಒಂದು ಗೇಣಿನಷ್ಟು ಜಾಗ. ಉಗುರಿನಷ್ಟು ಸಣ್ಣ ತ್ರಿಕೋನಗಳು, ವಜ್ರಾಕಾರಗಳು, ಮಧ್ಯೆ ಕೂದಲೆಳೆಯಷ್ಟು ಗಾರೆ. ಎಲ್ಲವನ್ನೂ ಒಂದೇ ಮಟ್ಟಕ್ಕೆ ಕೂರಿಸಿಲ್ಲ, ಒಂದೊಂದು ಚೂರು ಒಂದೊಂದು ಕಡೆ ಚೂರೇ ಚೂರು ವಾಲಿದೆ. ಅದಕ್ಕೇ ನಿಮ್ಮ ಮುಖ ಅದರಲ್ಲಿ ಕಾಣುವುದಿಲ್ಲ. ಒಂದರಲ್ಲಿ ಅಂಗಿಯ ಬಣ್ಣ, ಪಕ್ಕದ್ದರಲ್ಲಿ ದೀಪ, ಇನ್ನೊಂದರಲ್ಲಿ ಯಾರದೋ ಕಪ್ಪು ಚಾದರ್. ನೀವು ತಲೆ ಅಲ್ಲಾಡಿಸಿದರೆ ಇಡೀ ಗೋಡೆ ಮಿನುಗುತ್ತದೆ. ಈ ಕೆಲಸಕ್ಕೆ ಅಲ್ಲಿ ಆಯಿನೆ ಕಾರಿ ಅನ್ನುತ್ತಾರೆ. ಯುರೋಪಿನಿಂದ ಬರುವ ದೊಡ್ಡ ಕನ್ನಡಿಗಳು ದಾರಿಯಲ್ಲಿ ಒಡೆದು ಹೋಗುತ್ತಿದ್ದವು, ಆ ಚೂರುಗಳನ್ನು ಬಿಸಾಡಲು ಮನಸ್ಸು ಬಾರದೆ ಗೋಡೆಗೆ ಕೂರಿಸತೊಡಗಿದರು ಅಂತ ಹೇಳುವುದುಂಟು. ಆಮೇಲಾಮೇಲೆ ಬೇಕಂತಲೇ ಕತ್ತರಿಸತೊಡಗಿದರು.

ಈಗ ಕಣ್ಣು ಕೆಳಗಿಳಿಸಿ. ನಡುವೆ ಬೆಳ್ಳಿಯ ಜಾಲರಿಯ ದೊಡ್ಡ ಕಟಾಂಜನ, ಅದರೊಳಗೆ ಸಮಾಧಿ. ಇದನ್ನು ಜರೀಹ್ ಅನ್ನುತ್ತಾರೆ. ಜನ ಜಾಲರಿಗೆ ಬೆರಳು ಸಿಕ್ಕಿಸಿ, ಹಣೆ ಒತ್ತಿ ನಿಂತಿರುತ್ತಾರೆ. ಸಂದಿಯಲ್ಲಿ ನೋಟು ಒಳಗೆ ಬೀಳಿಸುತ್ತಾರೆ. ಜರೀಹ್ ಸುತ್ತಲೂ ಗಂಡಸರ ಭಾಗ, ಹೆಂಗಸರ ಭಾಗ ಬೇರೆ ಬೇರೆ. ತೀರಾ ಹತ್ತಿರ ನುಗ್ಗಬೇಡಿ. ಕಾಯಿಲೆಯ ಮಗು, ಕೋರ್ಟ್ ಕೇಸು, ಆಗದ ಮದುವೆ, ಇಂಥ ಹರಕೆ ಹೊತ್ತು ಬಂದವರ ಸರದಿ ಅದು.

ಕೂರುವ ಜಾಗದಲ್ಲಿ ಬಿಸ್ಕತ್ತಿನ ಗಾತ್ರದ ಮಣ್ಣಿನ ಬಿಲ್ಲೆಗಳು ಬಿದ್ದಿರಬಹುದು. ಶಿಯಾಗಳು ನಮಾಜಿನಲ್ಲಿ ಹಣೆಯನ್ನು ಊರುವುದು ಇದರ ಮೇಲೆ. ಕರ್ಬಲಾದ ಮಣ್ಣಿನದಾದರೆ ಬಹಳ ಶ್ರೇಷ್ಠ. ತುಳಿಯಬೇಡಿ, ನೆನಪಿಗಿರಲಿ ಅಂತ ಜೇಬಿಗೆ ಹಾಕಿಕೊಳ್ಳಲೂ ಬೇಡಿ. ಬಜಾರಿನಲ್ಲಿ ಸಿಗುತ್ತದೆ. ನಮಾಜು ಮಾಡುತ್ತಿರುವವರ ಎದುರು ಹಾಯದೆ ಹಿಂದಿನಿಂದ ಸುತ್ತಿ ಹೋಗಿ.

ಫೋಟೊ: ಮೊಬೈಲಿನಲ್ಲಿ ತೆಗೆಯಬಹುದಾ ಅಂತ ಗೈಡನ್ನು ಕೇಳಿ, ಹೆಚ್ಚಾಗಿ ಹ್ಞೂಂ ಅನ್ನುತ್ತಾರೆ. ಚಾವಣಿ, ಗೋಡೆ ತೆಗೆಯಿರಿ. ಅಳುತ್ತಿರುವ ಮುಖಗಳ ಕಡೆ, ಹೆಂಗಸರ ಭಾಗದ ಕಡೆ ಮೊಬೈಲ್ ತಿರುಗಿಸಬೇಡಿ. ಕನ್ನಡಿ ಗೋಡೆಗೆ ಫ್ಲ್ಯಾಶ್ ಹಾಕಿದರೆ ಬರುವುದು ಬಿಳಿ ಚುಕ್ಕೆ ಮಾತ್ರ.

ಹೊರಡುವಾಗ ಭಕ್ತರು ಸಮಾಧಿಗೆ ಬೆನ್ನು ಹಾಕದೆ ಹಿಂದೆ ಹಿಂದೆಯೇ ಹೆಜ್ಜೆ ಇಡುತ್ತಾರೆ. ಅವರನ್ನು ನೋಡಿಕೊಂಡು ನಡೆಯಿರಿ, ಇಲ್ಲದಿದ್ದರೆ ಡಿಕ್ಕಿ ಗ್ಯಾರಂಟಿ. ಅದೇ ಅಂಗಳದಲ್ಲಿ ಅಹ್ಮದರ ಸಹೋದರ ಮುಹಮ್ಮದರ ದರ್ಗಾ ಇದೆ. ಕನ್ನಡಿ ಕೆಲಸ ಅಲ್ಲೂ ಚೆಂದ, ಜನ ಕಡಿಮೆ. ಗೈಡ್‌ಗೆ ಮರೆಯದೆ ಹೇಳಿ.

ಒಳಗೆ ಬಿಡದಿದ್ದರೆ

ಶಿರಾಜ್‌ನಲ್ಲೇ ಅಲಿ ಇಬ್ನ್ ಹಮ್ಜೆ ಅಂತ ಇನ್ನೊಂದು ಇಮಾಮ್‌ಜಾದೆ ಇದೆ, ಕವಿ ಹಾಫಿಜ್‌ನ ಸಮಾಧಿಯಿಂದ ದೂರವಿಲ್ಲ. ಇವರು ಶಾಹ್ ಚೆರಾಗ್‌ಗೆ ಸೋದರನ ಮಗ ಅಂತ ನಂಬಿಕೆ. ಒಳಗೆ ಅದೇ ಕನ್ನಡಿ, ಅದೇ ಹೊಳಪು, ಗಾತ್ರ ಚಿಕ್ಕದು, ಕಟ್ಟುಪಾಡೂ ಕಡಿಮೆ. ಚಾದರ್ ಇಲ್ಲೂ ಬೇಕು, ಇಲ್ಲೂ ಬಾಗಿಲಲ್ಲಿ ಕೊಡುತ್ತಾರೆ. ವಿದೇಶಿಯರಿಗೆ ಚಹಾ ಕೊಟ್ಟು ಕೂರಿಸುವ ಪದ್ಧತಿ ಉಂಟು. ಬೇಡ ಅನ್ನಬೇಡಿ. ಸಕ್ಕರೆ ಅಚ್ಚನ್ನು ಲೋಟಕ್ಕೆ ಹಾಕದೆ ಹಲ್ಲಿನ ನಡುವೆ ಇಟ್ಟುಕೊಂಡು ಚಹಾ ಹೀರುವುದು ಅಲ್ಲಿಯ ರೀತಿ. ವಾಪಸ್ ಹೋಗುವ ಟ್ಯಾಕ್ಸಿಯವರು 'ದುಡ್ಡು ಬೇಡ ಬಿಡಿ' ಅಂದರೆ ಅದು ಬಾಯಿ ಮಾತಿನ ಮರ್ಯಾದೆ. ಎರಡು ಸಲ ಒತ್ತಾಯ ಮಾಡಿ ಕೊಡಿ, ತೆಗೆದುಕೊಳ್ಳುತ್ತಾರೆ.