ಡ್ರಾಯಿಂಗ್ ಇಲ್ಲದ ಕೆಲಸ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಮಷೀನ್ ಶಾಪ್‌ನಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ ಪೀಸನ್ನು ಅಳೆದು ನೋಡುವುದು ನನ್ನ ಕೆಲಸ. ಕೈಯಲ್ಲಿ ಮೈಕ್ರೋಮೀಟರ್, ಎದುರಿಗೆ ಪೀಸಿನ ಅಳತೆಗಳಿರುವ ಡ್ರಾಯಿಂಗ್. ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಡಿಮೆ ಆದರೂ ಕೆಲವು ಪೀಸ್ ರಿಜೆಕ್ಟ್. ಸರಿ ಯಾವುದು, ತಪ್ಪು ಯಾವುದು ಅಂತ ತೀರ್ಮಾನಿಸಿದವರು ಬೇರೆ ಯಾರೋ. ನಾನು ತಾಳೆ ನೋಡುವವನು ಅಷ್ಟೆ.

ಮನೆಯಲ್ಲಿ ನಾನು ಕೌದಿ ಹೊಲಿಯುತ್ತೇನೆ. ಹಳೆ ಸೀರೆ, ಹಳೆ ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ, ಎಲ್ಲವನ್ನೂ ಪದರ ಪದರವಾಗಿ ಹಾಸಿ ಕೈಯಿಂದ ಹೊಲಿಯುವುದು. ಇಲ್ಲಿ ಡ್ರಾಯಿಂಗ್ ಇಲ್ಲ. ಯಾವ ತುಂಡು ಎಲ್ಲಿ ಕೂಡಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಎಂಥವನು ಅನ್ನುವುದು ನನಗೆ ಸ್ವಲ್ಪವಾದರೂ ತಿಳಿದಿದ್ದರೆ ಅದು ಇದರಿಂದ.

ಶುರುವಾಗಿದ್ದು ಅವ್ವನಿಂದ. ಬಾಗಲಕೋಟೆ ಕಡೆಯ ಊರಿನಿಂದ ನಮ್ಮ ಹತ್ತಿರ ಇರಲು ಬಂದಾಗ ಅವಳು ಅರಿವೆಯ ಗಂಟನ್ನೂ ತಂದಿದ್ದಳು. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ನಮಗೆ ವಾರದ ರಜೆ ಗುರುವಾರ. ಇಲ್ಲಿನ ಎಂಐಡಿಸಿಯಲ್ಲಿ ಮೊದಲಿನಿಂದಲೂ ಹಾಗೇ. ಆ ದಿನ ಹೆಂಡತಿ ಕೆಲಸಕ್ಕೆ, ಮಕ್ಕಳು ಶಾಲೆಗೆ. ಮನೆಯಲ್ಲಿ ಅವ್ವ ಮತ್ತು ನಾನು. ಅವಳಿಗೆ ದಾರ ಪೋಣಿಸಿಕೊಡುತ್ತ ಕೂತೆ. ಕೈ ಸುಮ್ನೆ ಇರಲಿಲ್ಲ, ಆಚೆ ಅಂಚಿನಿಂದ ನಾನೂ ಒಂದು ಸಾಲು ಹಿಡಿದೆ.

ಒಂದು ಕೌದಿಗೆ ಎಷ್ಟು ಬಟ್ಟೆ ಬೇಕು ಅಂತ ಕೇಳುವವರು ಜಾಸ್ತಿ. ಲೆಕ್ಕ ಸುಲಭ. ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ. ಮೂರು ತುಂಡು ಮಾಡಿದರೆ ಒಂದೊಂದು 1.8 ಮೀಟರ್, ಅಂದರೆ ಹೆಚ್ಚುಕಡಿಮೆ ಆರು ಅಡಿ. ಅಗಲ 45 ಇಂಚು. ಒಂದರ ಮೇಲೊಂದು ಹಾಸಿದರೆ ಒಬ್ಬರು ಹೊದೆಯುವ ಮೂರು ಪದರದ ಕೌದಿ ಆಯಿತು. ಒಂಬತ್ತು ವಾರಿ (ಗಜ) ಸೀರೆಯಾದರೆ ಎಂಟು ಮೀಟರ್‌ಗಿಂತ ಸ್ವಲ್ಪ ಹೆಚ್ಚು, ನಾಲ್ಕು ಪದರ ಬರುತ್ತದೆ. ಹಳೆಯ ಹತ್ತಿ ಸೀರೆಯೇ ಒಳ್ಳೆಯದು. ವರ್ಷಗಟ್ಟಲೆ ಒಗೆದು ಒಗೆದು ಅದು ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದೂ ಕಡಿಮೆ. ಹೊಸ ಬಟ್ಟೆ ಸೇರಿಸುವುದಾದರೆ ಮೊದಲು ಒಗೆದು ಒಣಗಿಸಿ. ಕೆಂಪು ಬಟ್ಟೆಯನ್ನು ಬೇರೆಯಾಗಿ ನೀರಿನಲ್ಲಿ ನೆನೆಸಿ ನೀರು ನೋಡಿ. ನೀರು ಕೆಂಪಾದರೆ ಬಿಳಿ ಧೋತರದ ಪಕ್ಕ ಅದಕ್ಕೆ ಜಾಗ ಇಲ್ಲ.

ಇಳಕಲ್ ಸೀರೆಯ ಬಗ್ಗೆ ಒಂದು ಮಾತು. ಅದರ ಮೈ ಮತ್ತು ಸೆರಗು ಬೇರೆ ಬೇರೆ ಹಾಸು, ಅಂದರೆ ಮಗ್ಗದ ಉದ್ದೆಳೆಗಳು ಬೇರೆ ಬೇರೆ. ನೇಯುವಾಗ ಎರಡರ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಮೈ ಹತ್ತಿ, ಸೆರಗು ರೇಷ್ಮೆ ಆಗಿದ್ದರೆ ಎರಡರ ಆಯುಷ್ಯ ಒಂದೇ ಅಲ್ಲ. ಮೈ ಇನ್ನೂ ಗಟ್ಟಿ ಇರುವಾಗಲೇ ಸೆರಗು ಮಡಿಕೆಯಲ್ಲಿ ಸೀಳಿರುತ್ತದೆ. ಆ ಸೆರಗನ್ನು ನಾನು ಮೇಲಿನ ಪದರಕ್ಕೆ ಹಾಕುವುದಿಲ್ಲ, ಒಳಗೆ ಇಡುತ್ತೇನೆ. ಕಾಣದಿದ್ದರೇನು, ಅವ್ವನ ಮದುವೆ ಸೀರೆಯ ಸೆರಗು ನಮ್ಮ ಮನೆಯ ಒಂದು ಕೌದಿಯ ಒಳಗಿದೆ ಅಂತ ಮನೆಯವರಿಗೆಲ್ಲ ಗೊತ್ತು.

ಹಾಸುವುದು ನೆಲದ ಮೇಲೆ. ಕೆಳಗೆ ಇಡೀ ತುಂಡು, ನಡುವೆ ಹರಿದವು, ಮೇಲೆ ನಮ್ಮ ಜೋಡಣೆ. ಮೂಲೆಗೆ ಭಾರ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಕಚ್ಚಾ ಹೊಲಿಗೆ ಹಾಕಿದರೆ ಸುಕ್ಕು ಹೊರಗೆ ಹೋಗುತ್ತದೆ. ಆಮೇಲೆ ಅಂಚು ಒಳಗೆ ಮಡಚಿ, ಸುತ್ತು ಸುತ್ತಾಗಿ ಹೊರಗಿನಿಂದ ನಡುವಿನ ಕಡೆಗೆ ಗಟ್ಟಿ ಹೊಲಿಗೆ. ಎರಡು ಸಾಲುಗಳ ನಡುವೆ ಒಂದು ಬೆರಳು. ಮಳೆಗಾಲದಲ್ಲಿ ಶುರು ಮಾಡಬೇಡಿ. ಪುಣೆಯ ಜುಲೈಯಲ್ಲಿ ಬಟ್ಟೆ ಪೂರ್ತಿ ಒಣಗುವುದಿಲ್ಲ, ಒಳಪದರದಲ್ಲಿ ತೇವ ಉಳಿದರೆ ಮುಗ್ಗು ವಾಸನೆ ಹೋಗುವುದೇ ಇಲ್ಲ. ದಾರ, ಸೂಜಿ, ಬೆರಳಿನ ಅಂಗುಸ್ತಾನ ಎಲ್ಲ ತುಳಶಿಬಾಗ್‌ನಲ್ಲಿ ಸಿಗುತ್ತವೆ. ದಾರ ಜಾಸ್ತಿ ಬೇಕಾದರೆ ರವಿವಾರ ಪೇಟೆ.

ಇನ್ನು ಹೊಲಿಗೆಯ ಉದ್ದ. ಅಳೆಯುವುದೇ ಕಸುಬಾದವನಿಗೆ ಮೊದಲು ಕಣ್ಣು ಹೋಗುವುದು ಅಲ್ಲಿಗೇ. ಅವ್ವನ ಹೊಲಿಗೆ ಒಂದರಂತೆ ಒಂದು ಇರಲಿಲ್ಲ. ಒಂದು ಸಣ್ಣದು, ಒಂದು ಅದಕ್ಕಿಂತ ಸ್ವಲ್ಪ ದೊಡ್ಡದು. ಆದರೂ ಅವಳು ಒಂದು ಸಾಲು ನೋಡಿ "ಇದು ಬರಂಗಿಲ್ಲ, ಬಿಚ್ಚು" ಅನ್ನುತ್ತಿದ್ದಳು, ಇನ್ನೊಂದನ್ನು ಬಿಡುತ್ತಿದ್ದಳು. ಯಾವ ಲೆಕ್ಕದ ಮೇಲೆ ಅಂತ ಕೇಳಿದೆ. ಅವಳು ಕಾಲು ಚಾಚಿ ಹೆಬ್ಬೆರಳನ್ನು ಹೊಲಿಗೆಯ ಮೇಲೆ ಎಳೆದು ತೋರಿಸಿದಳು. "ಬೆರಳ ಸಿಗಬಾರದು ತಮ್ಮಾ. ರಾತ್ರಿ ಮಲಗಿದಾಗ ಹುಡುಗರ ಕಾಲ್ಬೆರಳ ಸಿಕ್ಕೊಂಡು ದಾರ ಹರೀತೈತಿ." ಅಂದರೆ ಕೌದಿಗೂ ಟಾಲರೆನ್ಸ್ ಇದೆ, ಎಷ್ಟು ಹೆಚ್ಚುಕಡಿಮೆ ಆದರೆ ನಡೆಯುತ್ತದೆ ಅನ್ನುವ ಮಿತಿ. ಅದನ್ನು ಹೊದ್ದು ಮಲಗುವ ಮೈ ಹೇಳುತ್ತದೆ. ಸಣ್ಣ ಹೊಲಿಗೆ ಎಷ್ಟು ಸೊಟ್ಟ ಇದ್ದರೂ ನಡೆಯುತ್ತದೆ, ಉದ್ದ ಹೊಲಿಗೆ ಎಷ್ಟು ನೇರ ಇದ್ದರೂ ನಡೆಯುವುದಿಲ್ಲ. ಇದು ಗೊತ್ತಾದ ಮೇಲೆ ಕಂಪನಿಯ ಡ್ರಾಯಿಂಗ್ ನೋಡುವ ರೀತಿಯೂ ಬದಲಾಯಿತು. ಈ ಅಳತೆ ಯಾಕೆ ಇಷ್ಟೇ ಇರಬೇಕು, ಇದು ಹೋಗಿ ಯಾವುದರಲ್ಲಿ ಕೂಡುತ್ತದೆ ಅಂತ ಡಿಸೈನ್‌ನವರನ್ನು ಕೇಳಲು ಶುರು ಮಾಡಿದೆ. ಮೊದಲು ಕೇಳುತ್ತಿರಲಿಲ್ಲ.

ಹೊಲಿಗೆಯಲ್ಲಿ ಮನಸ್ಸು ಕಾಣುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ, ಬಟ್ಟೆಯ ಮೇಲೆ ತೋರಿಸಬಲ್ಲೆ. ಶಿಫ್ಟ್‌ನಲ್ಲಿ ಯಾರ ಜೊತೆಗಾದರೂ ಮಾತಿಗೆ ಮಾತು ಬೆಳೆದ ದಿನ ನನ್ನ ಕೈ ದಾರವನ್ನು ಬಿಗಿಯಾಗಿ ಎಳೆಯುತ್ತದೆ. ಆ ಸಾಲಿನ ಎರಡೂ ಬದಿ ಬಟ್ಟೆ ನೆರಿಗೆ ಕಟ್ಟುತ್ತದೆ. "ಇಷ್ಟ ಬಿಗಿ ಎಳದ್ರ ಕೌದಿ ಕಟಗಿ ಆಗತೈತಿ" ಅಂತ ಅವ್ವ ಮೊದಲ ವಾರವೇ ಹೇಳಿದ್ದಳು. ನನಗೆ ಸಿಟ್ಟು ಕಡಿಮೆ ಅಂತ ಕಂಪನಿಯಲ್ಲಿ ಹೆಸರಿದೆ. ಸಿಟ್ಟು ಕಡಿಮೆ ಇಲ್ಲ, ಬಾಯಿಗೆ ಬರುವುದಿಲ್ಲ, ಕೈಗೆ ಹೋಗುತ್ತದೆ. ಈಗ ಅಂಥ ದಿನ ಅಂಚಿನ ಸಾಲು ಹಿಡಿಯುತ್ತೇನೆ. ಅಂಚು ಬಿಗಿ ಇದ್ದರೆ ಒಳ್ಳೆಯದೇ, ಬೇಗ ಸವೆಯುವ ಜಾಗ ಅದು. ನಡುವಿನ ಸಾಲುಗಳನ್ನು ಸಮಾಧಾನದ ದಿನಕ್ಕೆ ಇಡುತ್ತೇನೆ.

ನೋಡಿದವರೆಲ್ಲ "ಎಷ್ಟು ತಾಳ್ಮೆ ನಿಮಗೆ" ಅನ್ನುತ್ತಾರೆ. ತಾಳ್ಮೆಗಿಂತ ಹಟ ಅಂದರೆ ಸರಿ. ಹಿಡಿದ ಸಾಲು ಮೂಲೆ ಮುಟ್ಟುವ ತನಕ ಏಳಲು ಆಗುವುದಿಲ್ಲ ನನಗೆ.

ನನ್ನನ್ನು ನಿಜಕ್ಕೂ ಬೆರಗು ಮಾಡಿದ್ದು ಬೇರೆ. ಕಂಪನಿ ಅಂದರೆ ಹೊಟ್ಟೆಪಾಡು ಅಂತಲೇ ನಾನು ಎಲ್ಲರಿಗೂ ಹೇಳುತ್ತಿದ್ದೆ. ನಂಬಿಯೂ ಇದ್ದೆ. ಒಂದು ಚಳಿಗಾಲ ಎಲ್ಲ ಕೌದಿಗಳನ್ನೂ ಬಿಸಿಲಿಗೆ ಹಾಕಲು ಟೆರೇಸಿನ ಹಗ್ಗದ ಮೇಲೆ ಸಾಲಾಗಿ ಹರವಿದೆ. ನಾನು ಜೋಡಿಸಿದ ಪ್ರತಿಯೊಂದರ ನಡುವೆಯೂ ಕಡುನೀಲಿ ಚೌಕ. ನನ್ನ ಹಳೆ ಯೂನಿಫಾರ್ಮ್ ಶರ್ಟಿನದು. ಅದು ಟೆರಿಕಾಟ್, ಕೌದಿಗೆ ಹೇಳಿಸಿದ ಬಟ್ಟೆಯೇ ಅಲ್ಲ. ಸೂಜಿ ತಡೆಯುತ್ತದೆ, ಹತ್ತಿಯ ಪಕ್ಕ ಬಿರುಸಾಗಿ ನಿಲ್ಲುತ್ತದೆ. ಅವ್ವ ಪ್ರತಿ ಸಲ ಗೊಣಗುತ್ತಿದ್ದಳು. "ಎಷ್ಟ್ ಚಂದ ಖಣದ ತುಂಡು ಐತಿ, ಅದನ್ನ ನಡು ಹಾಕೋದ ಬಿಟ್ಟು..." ಗುಳೇದಗುಡ್ಡದ ಖಣ, ಕುಬಸದ ಬಟ್ಟೆ, ಅಂದರೆ ಅವಳಿಗೆ ಪ್ರಾಣ. ನಾನು ಖಣವನ್ನು ಸುತ್ತಲೂ ಹಾಕುತ್ತಿದ್ದೆ, ನಡುವಿಗೆ ನೀಲಿಯೇ. ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿ ಮಾಡಿರಲಿಲ್ಲ. ಹಗ್ಗದ ಮೇಲೆ ಎಲ್ಲ ಒಟ್ಟಿಗೆ ಕಂಡಾಗ ಒಪ್ಪಿಕೊಳ್ಳಲೇಬೇಕಾಯಿತು. ಆ ಮಷೀನ್ ಶಾಪ್, ಕೂಲಂಟ್ ಎಣ್ಣೆಯ ವಾಸನೆ, ಸರಿಯಾದ ಪೀಸ್ ಅಳತೆ ನೋಡುವ ಗೇಜಿನೊಳಗೆ ಸಲೀಸಾಗಿ ಇಳಿಯುವ ಆ ಕ್ಷಣ, ಇವು ನನಗೆ ಇಷ್ಟ. ಹೊಟ್ಟೆಪಾಡಿಗಿಂತ ತುಂಬ ಹೆಚ್ಚು. ಈಗ ಹಾಗೆಯೇ ಹೇಳುತ್ತೇನೆ.

ಗಂಡಸು ಸೂಜಿ ಹಿಡಿದು ಕೂತರೆ ಜನ ಒಂಥರಾ ನೋಡುತ್ತಾರೆ, ಅದೂ ನಿಜ. ಹೊಲಿಗೆ ಮಷೀನ್ ಮುಂದೆ ಕೂತ ಗಂಡಸನ್ನು ಯಾರೂ ಏನೂ ಅನ್ನುವುದಿಲ್ಲ, ಕೈಹೊಲಿಗೆ ಅಂದರೆ ಮಾತ್ರ ನಗು. ನಮ್ಮ ಬಿಲ್ಡಿಂಗಿನ ಮರಾಠಿ ಕಾಕಾ ಒಬ್ಬರು ಮೊದಮೊದಲು ಗೋಧಡಿ (ಕೌದಿಗೆ ಮರಾಠಿ ಹೆಸರು) ಎಲ್ಲಿಗೆ ಬಂತು ಅಂತ ಛೇಡಿಸುತ್ತಿದ್ದರು. ಪಂಢರಪುರದ ವಾರಿಗೆ, ಅಂದರೆ ವಿಠ್ಠಲನ ಪಾದಯಾತ್ರೆಗೆ, ಹೋಗುವವರು ಅವರು. ಸಂತ ನಾಮದೇವರು ಶಿಂಪಿಗರೇ ಅಲ್ವಾ ಕಾಕಾ ಅಂದೆ. ನಮ್ಮ ಶರಣರಲ್ಲೂ ಸೂಜಿಕಾಯಕದ ರಾಮಿತಂದೆ ಇದ್ದಾರೆ ಅಂತ ಹೇಳಿದೆ. ಆ ಹೆಸರು ನನಗೆ ತುಂಬ ಹಿಡಿಸುತ್ತದೆ. ಮೊದಲು ಸೂಜಿ, ಆಮೇಲೆ ಆಳು. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಎಲ್ಲರೂ ಹಾಗೆಯೇ. 12ನೇ ಶತಮಾನದಲ್ಲಿ ಇವರು ಕೈಕೆಲಸವನ್ನು ಮುಚ್ಚಿಡದೆ ಹೆಸರಿನ ಮುಂದೆಯೇ ಇಟ್ಟುಕೊಂಡರು. ನಾನು ಬಾಗಿಲು ಹಾಕಿಕೊಂಡು ಹೊಲಿಯುವುದು ಯಾಕೆ? ಈಗ ವರಾಂಡದಲ್ಲೇ ಕೂರುತ್ತೇನೆ, ಬೆಳಕೂ ಚೆನ್ನಾಗಿದೆ.

ವಾಕಡ್, ಹಿಂಜವಡಿ ಕಡೆ ಹೋದರೆ ಕಟ್ಟಡದ ಕೆಲಸದವರ ತಗಡಿನ ಶೆಡ್‌ಗಳ ಮೇಲೆ ಕೌದಿ ಒಣಗಿ ಹಾಕಿರುತ್ತಾರೆ. ಕೆಲವು ನೋಡಿದ ಕೂಡಲೇ ನಮ್ಮ ಕಡೆಯವು ಅನ್ನಿಸುತ್ತವೆ. ಒಮ್ಮೆ ಗಾಡಿ ನಿಲ್ಲಿಸಿ "ಯಾವೂರ್ರೀ ಅಕ್ಕಾರ?" ಅಂದೆ. ಇಂಡಿ ತಾಲೂಕಿನವರು. ಫೋನಿನಲ್ಲಿ ನನ್ನ ಕೌದಿಯ ಫೋಟೋ ತೋರಿಸಿದೆ. ಆಕೆ ಬೆರಳಿನಿಂದ ದೊಡ್ಡದು ಮಾಡಿ ಮೂಲೆ ನೋಡಿದರು. "ಮೂಲಿ ಹಿಂಗ ಬಿಡಬಾರದ್ರೀ ಅಣ್ಣಾರ, ಎಲ್ಲಾರೂ ಅಲ್ಲೇ ಹಿಡಿದು ಎಳೀತಾರ" ಅಂತ ಒಂದು ಚಿಂದಿಯನ್ನು ತ್ರಿಕೋನಕ್ಕೆ ಮಡಚಿ, ಮೂಲೆಗೆ ಹೇಗೆ ಕೂರಿಸಬೇಕು ಅಂತ ಅಲ್ಲೇ ತೋರಿಸಿಕೊಟ್ಟರು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಯಲ್ಲೂ ನಾಲ್ಕು ಮೂಲೆಗೆ ಹೀಗೆ ಮಡಚಿದ ಬಟ್ಟೆ ಇರುತ್ತದೆ. ಅದನ್ನು ಫುಲಾ ಅನ್ನುತ್ತಾರೆ, ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಪುಣೆಯಲ್ಲಿ ಇಷ್ಟು ವರ್ಷ ಇದ್ದು, ಶೆಡ್‌ನವರನ್ನು ದಾಟಿಕೊಂಡೇ ಹೋಗುತ್ತಿದ್ದೆ. ಅವರ ಜೊತೆ ಸಮಸಮಕ್ಕೆ ಮಾತಾಡಲು ನನಗೆ ಒಂದು ದಾರಿ ಕೊಟ್ಟಿದ್ದು ಈ ಕೌದಿ.

ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ ನೋಡಿಲ್ಲದವರು ಒಮ್ಮೆ ಹೋಗಿ. 1920ರ ಸುಮಾರಿನಿಂದ ದಿನಕರ ಕೇಳ್ಕರ್ ಅನ್ನುವ ಒಬ್ಬರೇ ಮನುಷ್ಯ ಕೂಡಿಸುತ್ತ ಬಂದ ಸಂಗ್ರಹ ಅದು. 1962ರಲ್ಲಿ ಮ್ಯೂಸಿಯಂ ಆಯಿತು, 1975ರಲ್ಲಿ ಅವರು ಅದನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ತೀರಿಹೋದ ಮಗ ರಾಜಾನ ಹೆಸರು ಇಟ್ಟಿದ್ದಾರೆ. ದೀಪ, ಅಡಕೊತ್ತು, ಪಾತ್ರೆ, ಮನೆಮನೆಯ ಸಾಮಾನು. ಒಂದು ಅಡಕೊತ್ತಿನ ಹಿಡಿಯನ್ನು ಅಷ್ಟು ಚೆಂದ ಮಾಡುವ ಅಗತ್ಯ ಏನಿತ್ತು? ಅಡಿಕೆ ಕತ್ತರಿಸಲು ಅದು ಬೇಡ. ಮಾಡಿದವನಿಗೆ ಬೇಕಿತ್ತು. ಅವನ ಹೆಸರು ಉಳಿಯದಿದ್ದರೂ ಅವನ ಇಷ್ಟ ಏನು ಅನ್ನುವುದು ಉಳಿದಿದೆ.

ಮಾರುತ್ತೀರಾ ಅಂತ ತುಂಬ ಜನ ಕೇಳಿದ್ದಾರೆ. ಇಲ್ಲ. ಕೌದಿ ಹೊಲಿದು ಸಂಸಾರ ನಡೆಸುವ ಹೆಂಗಸರ ಬಗ್ಗೆ ನನಗೆ ಗೌರವ ಇದೆ. ಅವರಿಂದ ಕೊಳ್ಳಿ, ಚೌಕಾಸಿ ಮಾಡಬೇಡಿ. ಆದರೆ ಹೊಸ ಬಟ್ಟೆಯನ್ನು ಚಿಂದಿ ಮಾಡಿ, ಹಳೆಯದರ ಹಾಗೆ ಕಾಣಿಸಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ಯಾರ ಮೈಯನ್ನೂ ಮುಟ್ಟದ ಬಟ್ಟೆಯ ಕೌದಿ ಯಾರದು?

ಗೆಳೆಯರು ತಮ್ಮ ಮನೆಯ ಬಟ್ಟೆ ತಂದರೆ ಮಾತ್ರ ಹೊಲಿದು ಕೊಡುತ್ತೇನೆ. ಎರಡು ಷರತ್ತು. ಒಂದಷ್ಟು ಸಾಲು ಅವರೂ ನನ್ನ ಜೊತೆ ಕೂತು ಹೊಲಿಯಬೇಕು. ನಡುವಿನ ತುಂಡು ಯಾವುದು ಅಂತ ಅವರೇ ಹೇಳಬೇಕು, ನಾನು ಸಲಹೆ ಕೊಡುವುದಿಲ್ಲ. ಎಲ್ಲರೂ ತಡೆಯುವುದು ಈ ಎರಡನೆಯದಕ್ಕೇ. ಟೂಲ್ ರೂಮಿನ ಗೆಳೆಯ ಒಬ್ಬ ಅವನಪ್ಪನ ಪಟಗ (ತಲೆಗೆ ಸುತ್ತುವ ರುಮಾಲು), ಹೆಂಡತಿಯ ಸೀರೆ, ಮಗಳ ಶಾಲೆಯ ಫ್ರಾಕು ತಂದು ಕೊಟ್ಟಿದ್ದಾನೆ. ಮೂರರಲ್ಲಿ ಯಾವುದು ಅಂತ ಇನ್ನೂ ಯೋಚನೆ ಮಾಡುತ್ತಿದ್ದಾನೆ. ದಸರೆಯ ಒಳಗೆ ಹೇಳಿದರೆ ಡಿಸೆಂಬರ್ ಚಳಿಗೆ ಹೊದೆಯಲು ಸಿಗುತ್ತದೆ ಅಂತ ಹೇಳಿದ್ದೇನೆ.