ಸತ್ಯವೇದವನ್ನು ದಿನವೂ ಓದುವುದು ಹೇಗೆ? ಸ್ವಲ್ಪವೇ ಓದಿ, ಮೆಲುಕು ಹಾಕಿ

ಹೊಸ ವರ್ಷದ ಮೊದಲ ದಿನ ಸತ್ಯವೇದ, ಅಂದರೆ ಬೈಬಲ್ ತೆರೆದು ಅದರ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡುವವರು ತುಂಬಾ ಜನ. ಅಬ್ರಹಾಮ, ಯಾಕೋಬ, ಯೋಸೇಫನ ಕಥೆಗಳು ಸರಾಗವಾಗಿ ಸಾಗುತ್ತವೆ. ವಿಮೋಚನಕಾಂಡದ ಅರ್ಧದವರೆಗೂ ಉತ್ಸಾಹ ಇರುತ್ತದೆ. ಆಮೇಲೆ ಆರಾಧನೆಗೆಂದು ಕಟ್ಟಿದ ದೇವದರ್ಶನದ ಗುಡಾರದ ಅಳತೆಗಳು, ಯಾಜಕಕಾಂಡದ ಯಜ್ಞದ ನಿಯಮಗಳು ಬರುತ್ತವೆ. ಅಲ್ಲಿಗೆ ಓದು ನಿಂತುಹೋಗುತ್ತದೆ. ನನಗೂ ಮೂರು ವರ್ಷ ಹೀಗೇ ಆಯಿತು. ನನ್ನ ನಂಬಿಕೆಯೇ ಬತ್ತಿಹೋಗಿದೆಯೇನೋ ಎಂದು ಕೊರಗಿದ್ದೆ. ಓದುವ ರೀತಿಯನ್ನು ಬದಲಿಸಿದ ಮೇಲೆ ಆ ಕೊರಗು ಹೋಯಿತು.

ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ 66 ಪುಸ್ತಕಗಳಿವೆ, ಒಟ್ಟು 1,189 ಅಧ್ಯಾಯ. ಕಥೋಲಿಕರದ್ದರಲ್ಲಿ 73 ಪುಸ್ತಕಗಳು. ವರ್ಷದಲ್ಲಿ ಎಲ್ಲವನ್ನೂ ಮುಗಿಸಬೇಕೆಂದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ ಅಧ್ಯಾಯ ಓದಬೇಕು. ಅಭ್ಯಾಸ ಇರುವವರಿಗೆ ಅದು ಒಳ್ಳೆಯದೇ. ಹೊಸಬರಿಗೆ ಮಾತ್ರ ಅದು ಓಟದ ಪಂದ್ಯದಂತೆ ಆಗಿಬಿಡುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಮಾರ್ಕನ ಸುವಾರ್ತೆಯಿಂದ. ಸುವಾರ್ತೆ ಎಂದರೆ ಯೇಸುವಿನ ಜೀವನ ಹೇಳುವ ಪುಸ್ತಕ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ ಅಷ್ಟೇ. ದಿನಕ್ಕೆ ಒಂದೇ ಒಂದು ಘಟನೆ ಓದಿ. ಜೊತೆಗೆ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ. ಮಾರ್ಕ ಮುಗಿದ ಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ ತೆಗೆದುಕೊಳ್ಳಿ, ಅದರಲ್ಲಿ ನಾಲ್ಕೇ ಅಧ್ಯಾಯ. ಆದಿಕಾಂಡಕ್ಕೆ ಆಮೇಲೆ ಹೋಗಬಹುದು.

ಯಾವಾಗ?

ಯೇಸು ಬೆಳಕು ಹರಿಯುವ ಮೊದಲೇ ಎದ್ದು ಏಕಾಂತದ ಜಾಗಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕ 1:35 (ಒಂದನೆಯ ಅಧ್ಯಾಯ, 35ನೆಯ ವಚನ) ಹೇಳುತ್ತದೆ. ಬೆಳಿಗ್ಗೆ ಆದರೆ ಬಹಳ ಒಳ್ಳೆಯದು. ಚಿಕ್ಕ ಮಗು ಇರುವ ತಾಯಿಗೆ, ರಾತ್ರಿ ಪಾಳಿಯವರಿಗೆ ಅದು ಆಗದಿರಬಹುದು. ಆಗ ಬೇರೆ ಹೊತ್ತು ಗೊತ್ತು ಮಾಡಿಕೊಳ್ಳಿ. ಹದಿನೈದು ನಿಮಿಷ ಸಾಕು. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಮೊಬೈಲಿನಲ್ಲೇ ಓದುವವರು ಇಂಟರ್‌ನೆಟ್ ಆಫ್ ಮಾಡಿ ಕೂತುಕೊಳ್ಳಿ.

ಬಾಯಿಬಿಟ್ಟು ಓದಿ

ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಇದೇ. ಒಂದನೆಯ ಕೀರ್ತನೆಯಲ್ಲಿ ದೇವರ ಮಾತನ್ನು ಹಗಲಿರುಳು ಧ್ಯಾನಿಸುವವನ ಮಾತು ಬರುತ್ತದೆ. ಧ್ಯಾನ ಎಂದ ಕೂಡಲೇ ಕಣ್ಣುಮುಚ್ಚಿ ಕೂರುವುದು ನೆನಪಾಗುತ್ತದೆ, ಅಲ್ವಾ? ಅಲ್ಲಿರುವ ಹೀಬ್ರೂ ಮಾತು 'ಹಾಗಾ'. ಅದಕ್ಕೆ ಗುನುಗು, ಮೆಲ್ಲಗೆ ಉಚ್ಚರಿಸು ಎಂಬ ಅರ್ಥವೂ ಇದೆ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತು ಗುರುಗುಟ್ಟುವ ಸಿಂಹಕ್ಕೂ ಇದೇ ಮಾತು ಬಳಕೆಯಾಗಿದೆ. ಅಂದರೆ ಧ್ಯಾನದಲ್ಲಿ ಬಾಯಿಗೂ ಕೆಲಸ ಉಂಟು. ಸಿಕ್ಕಿದ ಮಾತನ್ನು ಸುಲಭಕ್ಕೆ ಬಿಟ್ಟುಕೊಡದ ಹಟವೂ ಉಂಟು.

ಹಾಗಾಗಿ ಆ ದಿನದ ಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿ. ಎರಡನೆಯ ಸಲ ಇನ್ನೂ ನಿಧಾನವಾಗಿ. ಯಾವುದಾದರೂ ಮಾತು ಮನಸ್ಸಿಗೆ ತಟ್ಟಿದರೆ ಅಲ್ಲೇ ನಿಲ್ಲಿ.

ಒಂದು ಉದಾಹರಣೆ ನೋಡೋಣ. ಮಾರ್ಕ 10:46-52, ಏಳೇ ವಚನ. ಯೆರಿಕೋವಿನ ದಾರಿಬದಿಯಲ್ಲಿ ಕುರುಡ ಬಾರ್ತಿಮಾಯ ಭಿಕ್ಷೆ ಬೇಡುತ್ತಿದ್ದಾನೆ. ಜನ ಗದರಿಸಿದಷ್ಟೂ ಜೋರಾಗಿ ಯೇಸುವನ್ನು ಕೂಗುತ್ತಾನೆ. ಕರೆ ಬಂದ ಕೂಡಲೇ ಮೇಲ್ಹೊದಿಕೆಯನ್ನು ಎಸೆದು ಎದ್ದು ಬರುತ್ತಾನೆ. ಯೇಸು ಕೇಳುತ್ತಾನೆ, ನಾನು ನಿನಗೆ ಏನು ಮಾಡಬೇಕು? ಕುರುಡನಿಗೆ ಏನು ಬೇಕೆಂದು ಗೊತ್ತಿಲ್ಲವೇ? ಮತ್ತೆ ಯಾಕೆ ಕೇಳಿದ? ಈ ಪ್ರಶ್ನೆಯನ್ನು ಬಿಡಬೇಡಿ. ಹಿಂದಿನ ವಚನಗಳಿಗೆ ಹೋಗಿ. 36ನೆಯ ವಚನದಲ್ಲಿ ತನ್ನ ಶಿಷ್ಯರಾದ ಯಾಕೋಬ, ಯೋಹಾನ ಎಂಬ ಅಣ್ಣತಮ್ಮಂದಿರಿಗೂ ಯೇಸು ಇದನ್ನೇ ಕೇಳಿದ್ದಾನೆ. ಶಿಷ್ಯರು ಕೇಳಿದ್ದು ಆತನ ಎಡಬಲದ ಗೌರವದ ಜಾಗ. ಭಿಕ್ಷುಕ ಕೇಳಿದ್ದು ಕಣ್ಣು. ಇದನ್ನು ಮೊದಲ ಸಲ ಗಮನಿಸಿದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಅದೇ ಪ್ರಶ್ನೆ ನನ್ನ ಮುಂದೆಯೂ ಇತ್ತು. ನನ್ನ ಪ್ರಾರ್ಥನೆಗಳಲ್ಲಿ ಎಷ್ಟೋ ಆ ಅಣ್ಣತಮ್ಮಂದಿರ ಬೇಡಿಕೆಯಂತೆಯೇ ಇದ್ದವು.

ಅಂಕಿಗಳಿಗೆ ಕಟ್ಟುಬೀಳಬೇಡಿ. ಈಗಿನ ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಯ (ಸುವಾರ್ತೆಗಳಿಂದ ಶುರುವಾಗುವ ಎರಡನೆಯ ಭಾಗದ) ವಚನ ಸಂಖ್ಯೆಗಳು 1551ರಲ್ಲಿ ಬಂದವು. ಬರೆದವರು ಕೊಟ್ಟದ್ದಲ್ಲ ಅದು. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಓದಿದರೆ ಇಂಥ ಕೊಂಡಿಗಳು ಸಿಗುತ್ತವೆ.

ಓದಿದ್ದೇ ಪ್ರಾರ್ಥನೆಯಾಗಲಿ

12ನೆಯ ಶತಮಾನದ ಸನ್ಯಾಸಿ ಎರಡನೆಯ ಗುಯಿಗೋ ನಾಲ್ಕು ಮೆಟ್ಟಿಲು ಹೇಳಿದ್ದಾನೆ: ಓದು, ಮನನ, ಪ್ರಾರ್ಥನೆ, ದೇವರ ಮುಂದೆ ಮೌನ. ನಾವು ಹೆಚ್ಚಿನವರು ಓದಿ ಎದ್ದುಬಿಡುತ್ತೇವೆ. ಓದಿದ ಮಾತನ್ನೇ ಹಿಡಿದು ದೇವರ ಹತ್ತಿರ ಮಾತಾಡಿ. ಬಾರ್ತಿಮಾಯನನ್ನು ಓದಿದ ದಿನ, "ಕರ್ತನೇ, ನನಗೆ ಕಾಣದೇ ಇರುವುದನ್ನು ತೋರಿಸು" ಎಂದರೂ ಸಾಕು. ಆಮೇಲೆ ಎರಡು ನಿಮಿಷ ಏನೂ ಹೇಳದೆ ಕೂತಿರಿ.

ಏಳುವ ಮೊದಲು ಒಂದು ನೋಟ್‌ಬುಕ್‌ನಲ್ಲಿ ತಾರೀಖು, ವಚನ, ಅವತ್ತು ಮಾಡಬೇಕಾದ ಒಂದು ಕೆಲಸ ಬರೆಯಿರಿ. ಯಾರಲ್ಲೋ ಕ್ಷಮೆ ಕೇಳುವುದಿರಬಹುದು, ಫೋನ್ ಮಾಡಿ ವಿಚಾರಿಸುವುದಿರಬಹುದು. ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರ ಹೇಳುವಂತೆ, ಕೇಳಿ ಅದರಂತೆ ನಡೆಯದವನು ಕನ್ನಡಿ ನೋಡಿ ತನ್ನ ಮುಖ ಮರೆತವನ ಹಾಗೆ.

ಏನೂ ಅನ್ನಿಸದ ದಿನ

ಬರುತ್ತದೆ, ಎಲ್ಲರಿಗೂ. ಆಗ 88ನೆಯ ಕೀರ್ತನೆ ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಮಾತೇ ಇಲ್ಲ. ಆದರೂ ಅದು ಪ್ರಾರ್ಥನೆ, ಅದಕ್ಕೂ ಸತ್ಯವೇದದಲ್ಲಿ ಜಾಗ ಇದೆ. ನಿಮ್ಮ ಬೇಸರಕ್ಕೂ ದೇವರ ಹತ್ತಿರ ಜಾಗ ಇದೆ. ನಾಲ್ಕು ದಿನ ತಪ್ಪಿಹೋದರೆ ನಾಲ್ಕು ದಿನದ್ದನ್ನು ಒಟ್ಟಿಗೆ ಓದಿ ಬಾಕಿ ತೀರಿಸಲು ಹೋಗಬೇಡಿ. ನಿಲ್ಲಿಸಿದ ಕಡೆಯಿಂದ ಆ ದಿನದ್ದನ್ನು ಓದಿ, ಅಷ್ಟೇ.

ಅರ್ಥವಾಗದ ಮಾತುಗಳೂ ಬೇಕಾದಷ್ಟು ಸಿಗುತ್ತವೆ. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 8ನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಅವನೂ ಬಾಯಿಬಿಟ್ಟೇ ಓದುತ್ತಿದ್ದ, ಅದಕ್ಕೇ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನಿಗೆ ಕೇಳಿಸಿತು. ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪ ಕೇಳಿದರೆ, ಯಾರಾದರೂ ತಿಳಿಸಿಕೊಡದೆ ಹೇಗಾದೀತು ಎಂದ ಆ ಅಧಿಕಾರಿ. ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡು ಪಕ್ಕದಲ್ಲೇ ಕೂರಿಸಿಕೊಂಡ. ನಿಮ್ಮ ನೋಟ್‌ಬುಕ್‌ನ ಕೊನೆಯ ಪುಟಗಳನ್ನು ಪ್ರಶ್ನೆಗಳಿಗೇ ಬಿಡಿ. ಭಾನುವಾರ ಆರಾಧನೆಗೆ ಹೋಗುವಾಗ ಅದು ಕೈಯಲ್ಲಿರಲಿ. ಆರಾಧನೆ ಮುಗಿದ ಮೇಲೆ ಸಭಾಪಾಲಕರನ್ನೋ ಹಿರಿಯರನ್ನೋ ಹಿಡಿದು ಕೂರಿಸಿ ಒಂದೊಂದಾಗಿ ಕೇಳಿ.